ದೀಕ್ಷಾಸ್ನಾನದ ಮಾರನೆಯ ದಿನ

ಬೆಂಗಳೂರಿನ ಉತ್ತರದ ಅಲ್ಲಾಳಸಂದ್ರದ ಪಕ್ಕದಲ್ಲೇ ಹಾದುಹೋಗುವ ಬಳ್ಳಾರಿ ರಸ್ತೆಯಲ್ಲಿ ಈಗ ಹಗಲಿರುಳೂ ವಿಮಾನ ನಿಲ್ದಾಣದ ಧಾವಂತ. ಆ ರಸ್ತೆಗೆ ಹೆಸರು ಕೊಟ್ಟ ಊರಿಗೆ 1810ರಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಂದು ನೆಲೆಸಿದರು. ಕ್ರೈಸ್ತರ ಸತ್ಯವೇದವನ್ನು ಕನ್ನಡಕ್ಕೆ ತಂದವರಲ್ಲಿ ಅವರೂ ವಿಲಿಯಂ ರೀವ್ ಅವರೂ ಮೊದಲಿಗರು. ಗ್ರಂಥ ಕನ್ನಡದಲ್ಲಿ ಮನೆಯೊಳಗೆ ಬಂದಮೇಲೆ, ಓದಿದ್ದನ್ನು ಬಾಳುವುದು ಹೇಗೆಂಬ ಪ್ರಶ್ನೆಯೂ ಮನೆಯೊಳಗೇ ಬಂತು.

ಲೂಕನ ಸುವಾರ್ತೆಯ 19ನೆಯ ಅಧ್ಯಾಯ ಇದಕ್ಕೊಂದು ಅಳತೆಗೋಲು ಕೊಡುತ್ತದೆ. ಯೆರಿಕೋವಿನ ಸುಂಕದವನಾದ ಜಕ್ಕಾಯ ಯೇಸುವನ್ನು ಮನೆಗೆ ಬರಮಾಡಿಕೊಂಡ ದಿನವೇ ಎರಡು ಲೆಕ್ಕ ಒಪ್ಪಿಸುತ್ತಾನೆ: ಆಸ್ತಿಯಲ್ಲಿ ಅರ್ಧ ಬಡವರಿಗೆ, ಅನ್ಯಾಯವಾಗಿ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸು. ಅವನ ಮನಸ್ಸು ತಿರುಗಿದ್ದು ಊರಿಗೆ ಗೊತ್ತಾಗಬೇಕಾದದ್ದು ಅವನ ಹಣದ ಚೀಲದಿಂದ.

ಕಸುಬೇ ಬದಲಾದಾಗ

ಕನ್ನಡನಾಡಿನಲ್ಲಿ ಈ ಮಾರ್ಪಾಟು ಕಣ್ಣಿಗೆ ಕಟ್ಟುವಂತೆ ಕಾಣುವುದು ಮಂಗಳೂರಿನಲ್ಲಿ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಅಲ್ಲಿಗೆ ಬಂದದ್ದು 1834ರಲ್ಲಿ. ಹೊಸದಾಗಿ ಸಭೆಗೆ ಸೇರಿದವರಲ್ಲಿ ಬಿಲ್ಲವರು ಬಹಳ ಮಂದಿ. ಶೇಂದಿ ಇಳಿಸುವ ಅವರ ಮೂರ್ತೆ ಕಸುಬನ್ನು ಮಿಷನ್ ಒಪ್ಪುತ್ತಿರಲಿಲ್ಲ. ನಂಬಿಕೆ ಬದಲಿಸಿದವರು ಅನ್ನದ ದಾರಿಯನ್ನೂ ಬದಲಿಸಬೇಕಾಯಿತು. ಅನೇಕರಿಗೆ ಬಂಧುಗಳ ಆಸರೆಯೂ ತಪ್ಪಿತು. ಅದಕ್ಕೆಂದೇ ನೇಯ್ಗೆಯ ಮಗ್ಗಗಳು, 1865ರಲ್ಲಿ ಜೆಪ್ಪುವಿನ ಹೆಂಚಿನ ಕಾರ್ಖಾನೆ ಹುಟ್ಟಿಕೊಂಡವು. ಹೊತ್ತಿಗೆ ಸರಿಯಾಗಿ ಕೆಲಸ, ಭಾನುವಾರದ ರಜೆ, ಹೆಣ್ಣುಮಕ್ಕಳ ಓದು, ಕುಡಿತಕ್ಕೆ ಕಡಿವಾಣ: ದಿನಚರಿಯೇ ಹೊಸದಾಯಿತು. ಜೊತೆಗೆ, ಸಂಬಳ ಕೊಡುವವರೇ ನಡತೆಯನ್ನೂ ತೂಗುವ ಬಿಗಿ ಬಂತು.

ಬೆಲೆ ತೆತ್ತವರು ಮೇಲ್ಜಾತಿಯಲ್ಲೂ ಇದ್ದರು. 1844ರಲ್ಲಿ ದೀಕ್ಷಾಸ್ನಾನ ಪಡೆದ ಸಾರಸ್ವತ ತರುಣ ಆನಂದರಾವ್ ಕೌಂಡಿನ್ಯ ಮಂಗಳೂರಿನಲ್ಲಿ ದೊಡ್ಡ ಗದ್ದಲಕ್ಕೆ ಕಾರಣರಾದರು. ಮುಂದೆ ಬಾಸೆಲ್‌ನಲ್ಲಿ ದೈವಶಾಸ್ತ್ರ ಓದಿ ಹಿಂದಿರುಗಿ, ಮಂಗಳೂರಿನಲ್ಲೇ ಬೋಧಕರಾದರು. ಹಾಗೆಂದು ದೀಕ್ಷೆಯ ನೀರು ಎಲ್ಲವನ್ನೂ ತೊಳೆಯಲಿಲ್ಲ. ಮದುವೆ ಸಂಬಂಧ ಕುದುರಿಸುವಾಗ ಜಾತಿ ವಿಚಾರಿಸುವುದು ಸಭೆಗಳೊಳಗೆ ಇಂದಿಗೂ ಉಳಿದಿದೆ.

ಒಪ್ಪಿಕೊಳ್ಳುವುದು, ತೀರಿಸುವುದು

ಬದಲಾವಣೆ ಉಳಿಯಲು ಕ್ರೈಸ್ತ ಪರಂಪರೆ ಅಭ್ಯಾಸಗಳನ್ನು ನೆಚ್ಚುತ್ತದೆ. ಕಥೋಲಿಕರಿಗೆ ಗುರುವಿನ ಮುಂದೆ ಪಾಪನಿವೇದನೆ, ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ಉಪವಾಸ ಮತ್ತು ದಾನ. ಪ್ರೊಟೆಸ್ಟೆಂಟರಲ್ಲಿ ಸಂಜೆಯ ಕುಟುಂಬ ಪ್ರಾರ್ಥನೆ, ಕೂಟದಲ್ಲಿ ಎದ್ದುನಿಂತು ಹೇಳುವ ಸಾಕ್ಷಿ. ತಪ್ಪನ್ನು ಇನ್ನೊಬ್ಬರ ಎದುರು ಬಾಯಿಬಿಟ್ಟು ಹೇಳುವುದು, ನೋಯಿಸಿದವರಿಗೆ ಋಣ ತೀರಿಸುವುದು, ಜೊತೆಗಾರರ ಕಣ್ಣಳತೆಯಲ್ಲಿ ಬಾಳುವುದು ಇವುಗಳ ಒಳತಿರುಳು. 1935ರಲ್ಲಿ ಅಮೆರಿಕದಲ್ಲಿ ಶುರುವಾದ ಆಲ್ಕೊಹಾಲಿಕ್ಸ್ ಅನಾನಿಮಸ್ ಇದೇ ಕ್ರಮವನ್ನು ಆಕ್ಸ್‌ಫರ್ಡ್ ಗ್ರೂಪ್ ಎಂಬ ಕ್ರೈಸ್ತ ಚಳವಳಿಯಿಂದ ಪಡೆದು, ಯಾವ ಮತದವರಿಗೂ ಒಗ್ಗುವಂತೆ ಮಾಡಿತು.

ಸಾಕ್ಷಿ ಹೇಳುವುದರಲ್ಲಿ ಒಂದು ಅಪಾಯವೂ ಇದೆ. ಹೇಳಿ ಹೇಳಿ ಕಥೆ ನಯವಾಗುತ್ತದೆ. ಕೇಳುಗರ ಕಣ್ಣೀರೇ ಪುರಾವೆಯಾಗಿಬಿಡುತ್ತದೆ. ಕುಡಿತ ಬಿಟ್ಟೆನೆಂದವನ ಮಾತು ನಿಜವೋ ಎಂದು ಬಲ್ಲವರು ಅವನ ಹೆಂಡತಿ, ಮಕ್ಕಳು ಮತ್ತು ಸಾಲ ಕೊಟ್ಟ ಅಂಗಡಿಯವನು.

ನಂಬಿಕೆಯ ಪಾಳಿ

ಅಲ್ಲಾಳಸಂದ್ರದಿಂದ ನಗರದ ಕಡೆಗೆ ಬರುವಾಗ ಹೆಬ್ಬಾಳದಲ್ಲಿ ಸಿಗುವ ಬ್ಯಾಪ್ಟಿಸ್ಟ್ ಆಸ್ಪತ್ರೆ 1973ರಲ್ಲಿ ಆರಂಭವಾಯಿತು. ಅಮೆರಿಕದ ಸದರ್ನ್ ಬ್ಯಾಪ್ಟಿಸ್ಟ್ ಮಿಷನ್ ಕಟ್ಟಿದ ಈ ಸಂಸ್ಥೆಯ ಆಡಳಿತವನ್ನು 1989ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ವಹಿಸಿಕೊಂಡಿತು. ಇಂಥ ಕಡೆ ನಂಬಿಕೆ ಪಾಳಿಯ ಕೆಲಸವಾಗಿ ಇಳಿಯುತ್ತದೆ. ಹಾಸಿಗೆಯಲ್ಲಿರುವ ರೋಗಿ ಯಾವ ಮತದವನಾದರೂ ಆಗಿರಬಹುದು. ದಾದಿ ಬೆಳಿಗ್ಗೆ ಎಷ್ಟು ಹೊತ್ತು ಪ್ರಾರ್ಥಿಸಿದಳೆಂದು ಅವನು ಕೇಳುವುದಿಲ್ಲ. ಅವನಿಗೆ ಬೇಕಾದದ್ದು ಹೊತ್ತಿಗೆ ಸರಿಯಾಗಿ ಔಷಧ, ರಾತ್ರಿ ಎರಡಕ್ಕೆ ಕರೆದರೂ ಗದರದ ಉತ್ತರ. ಜಕ್ಕಾಯ ಒಪ್ಪಿಸಿದ್ದು ಹಣದ ಲೆಕ್ಕ; ಇವನು ಕೇಳುವುದು ಸಹನೆಯ ಲೆಕ್ಕ. ಹಾಗೆ ಕೇಳುವ ಹಕ್ಕು ಅವನಿಗುಂಟು.