ಅಲ್ಪ ಬಂಡವಾಳ, ಇಂಪಾದ ನಾದ
ಕಡಲ ಬದಿಯ ಮನೆಗಳಲ್ಲಿ ಎಲೆಕ್ಟ್ರಿಕ್ ಗಿಟಾರ್

ಮನೆಯ ಮಗನೋ ಮಗಳೋ ಎಲೆಕ್ಟ್ರಿಕ್ ಗಿಟಾರ್ ಬೇಕೆಂದು ಕೇಳಿದಾಗ ನಮ್ಮಂಥ ವ್ಯಾಪಾರಸ್ಥರ ಮನೆಗಳಲ್ಲಿ ಕೂಡಲೇ ಏಳುವ ಪ್ರಶ್ನೆಗಳು ಎರಡು: ಎಷ್ಟು ಖರ್ಚು? ಎಷ್ಟು ಗದ್ದಲ? ಪ್ರಶ್ನೆಗಳು ನ್ಯಾಯವಾದವೇ. ಆದರೆ ಉತ್ತರ ಹುಡುಕುವ ಗೊಡವೆಗೆ ಹೋಗದೆ ಕೆಲವರು ಬೇಡವೆಂದು ಬಾಯಿ ಮುಚ್ಚಿಸುತ್ತಾರೆ. ಇನ್ನು ಕೆಲವರು ಅಂಗಡಿಯವನು ತೋರಿಸಿದ ಅತಿ ದುಬಾರಿ ವಾದ್ಯವನ್ನೇ ತಂದು ಕೈತೊಳೆದುಕೊಳ್ಳುತ್ತಾರೆ. ಎರಡೂ ಲಾಭದ ದಾರಿಯಲ್ಲ. ಹಣ ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು ಎಂಬುದು ತಿಳಿದಿದ್ದರೆ ಕಡಿಮೆ ಬೆಲೆಯ ವಾದ್ಯದಿಂದಲೂ ಕಿವಿಗೆ ಹಿತವಾದ ನಾದ ಹೊರಡಿಸಬಹುದು.

ಕುಂಬಳೆಗೂ ಕಾಸರಗೋಡಿಗೂ ನಡುವೆ ಇರುವ ಮೊಗ್ರಾಲನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಮಾಪಿಳ್ಳೆ ಹಾಡುಗಳ ಪರಂಪರೆಯಿಂದಾಗಿ ಈ ಊರಿಗೆ 'ಇಶಲ್ ಗ್ರಾಮ' ಎಂಬ ಹೆಸರಿದೆ. ಪಕ್ಕದ ಕುಂಬಳೆ ಸೀಮೆ ಯಕ್ಷಗಾನ ಕವಿ ಪಾರ್ತಿಸುಬ್ಬನದು. ಉತ್ತರಕ್ಕೆ ಹೋದರೆ ಬಂಗ್ರಮಂಜೇಶ್ವರದಲ್ಲಿ ನಮ್ಮ ಪ್ರಾಚೀನ ಬಸದಿಗಳು. ಹಾಡು, ಚೆಂಡೆ, ಸ್ತೋತ್ರ ಮೂರೂ ಕೇಳಿ ಬೆಳೆದ ನೆಲವಿದು. ಇಲ್ಲಿನ ಮಕ್ಕಳಿಗೆ ಸಂಗೀತದ ಆಸೆ ಹುಟ್ಟಿದರೆ ಅಚ್ಚರಿಯಿಲ್ಲ.

ಸಂಗೀತ ನಮಗೆ ಹೊರಗಿನದೂ ಅಲ್ಲ. ಜಿನಸೇನಾಚಾರ್ಯರ ಆದಿಪುರಾಣದಲ್ಲಿ ಭಗವಾನ್ ವೃಷಭದೇವರು ಮಕ್ಕಳಿಗೆ ವಿದ್ಯೆಗಳನ್ನು ಹಂಚುವಾಗ ವೃಷಭಸೇನನಿಗೆ ಕೊಟ್ಟದ್ದು ಗಾಂಧರ್ವ ಶಾಸ್ತ್ರ. 'ಸಂಗೀತ ಸಮಯಸಾರ' ಎಂಬ ಲಕ್ಷಣಗ್ರಂಥ ಬರೆದ ಪಾರ್ಶ್ವದೇವ ಜೈನನೇ. ವಾದ್ಯ ಪರದೇಶದ್ದು ಎಂಬ ಆಕ್ಷೇಪವೂ ನಿಲ್ಲದು. ಬಂಟ್ವಾಳ ತಾಲೂಕಿನ ಸಜೀಪದಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ಬ್ಯಾಂಡಿನ ಸ್ಯಾಕ್ಸೋಫೋನಿನಲ್ಲಿ ಕರ್ನಾಟಕ ಸಂಗೀತ ನುಡಿಸಿ 2004ರಲ್ಲಿ ಪದ್ಮಶ್ರೀ ಪಡೆದರು. ಯು. ಶ್ರೀನಿವಾಸ್ ಎಲೆಕ್ಟ್ರಿಕ್ ಮ್ಯಾಂಡೊಲಿನ್‌ನಲ್ಲಿ ರಾಗಗಳನ್ನು ಹರಿಸಿದರು. ವಾದ್ಯದ ಹುಟ್ಟೂರಿಗಿಂತ ನುಡಿಸುವವನ ಶ್ರದ್ಧೆ ದೊಡ್ಡದು.

ತಂತಿಯಿಂದ ಕಿವಿಯವರೆಗೆ

ಮೊದಲು ಈ ವಾದ್ಯ ಹೇಗೆ ಕೆಲಸ ಮಾಡುತ್ತದೆಂದು ತಿಳಿಯೋಣ. ವೀಣೆಗೆ ಕೊಡ ಇರುವಂತೆ ಸಾಮಾನ್ಯ ಗಿಟಾರಿಗೆ ಟೊಳ್ಳು ಹೊಟ್ಟೆ ಇರುತ್ತದೆ. ನಾದ ದೊಡ್ಡದಾಗುವುದು ಅಲ್ಲಿ. ಎಲೆಕ್ಟ್ರಿಕ್ ಗಿಟಾರಿನ ಮೈ ಹೆಚ್ಚಾಗಿ ಗಟ್ಟಿ ಮರ. ಅದರ ಆರು ಉಕ್ಕಿನ ತಂತಿಗಳ ಕೆಳಗೆ 'ಪಿಕಪ್' ಎಂಬ ಸಾಧನವಿದೆ. ಪಿಕಪ್ ಎಂದರೆ ಅಯಸ್ಕಾಂತದ ಸುತ್ತ ಕೂದಲಿನಷ್ಟು ತೆಳುವಾದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ ಸುರುಳಿ. ಉಕ್ಕಿನ ತಂತಿ ಕಂಪಿಸಿದಾಗ ಸುರುಳಿಯಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತದೆ. 1831ರಲ್ಲಿ ಮೈಕೇಲ್ ಫ್ಯಾರಡೆ ಕಂಡುಹಿಡಿದ ತತ್ವವೇ ಇದು. ಆ ವಿದ್ಯುತ್ತು ಕೇಬಲ್ ಮೂಲಕ ಆಂಪ್ಲಿಫೈಯರಿಗೆ ಹೋಗಿ, ಅಲ್ಲಿ ಬಲಗೊಂಡು, ಸ್ಪೀಕರಿನಿಂದ ನಾದವಾಗಿ ಹೊರಬರುತ್ತದೆ.

ಬೆರಳು, ತಂತಿ, ಪಿಕಪ್, ಕೇಬಲ್, ಆಂಪ್ಲಿಫೈಯರ್, ಸ್ಪೀಕರ್, ಕೋಣೆ: ಇದು ಒಂದು ಸರಪಣಿ. ಯಾವ ಕೊಂಡಿ ದುರ್ಬಲವೋ ನಾದ ಅಲ್ಲಿಯೇ ಕೆಡುತ್ತದೆ. ಎಂಬತ್ತು ಸಾವಿರದ ಗಿಟಾರಿಗೆ ಶ್ರುತಿ ತಪ್ಪಿದ, ತುಕ್ಕು ಹಿಡಿದ ತಂತಿ ಇದ್ದರೆ ಅದು ಎಂಟು ಸಾವಿರದ ಗಿಟಾರಿಗಿಂತ ಕೀಳಾಗಿಯೇ ಕೇಳಿಸುತ್ತದೆ.

ಬೆಲೆಯೇ ಗುಣವಲ್ಲ

ಅಮೆರಿಕದ ಡ್ಯಾನೆಲೆಕ್ಟ್ರೋ ಕಂಪೆನಿ 1950ರ ದಶಕದಲ್ಲಿ ಬಡ ವಿದ್ಯಾರ್ಥಿಗಳೂ ಕೊಳ್ಳಬಹುದಾದ ಗಿಟಾರುಗಳನ್ನು ಮಾಡಿತು. ಮೈಗೆ ಮರದ ಚೌಕಟ್ಟಿನ ಮೇಲೆ ಅಗ್ಗದ ಹಾರ್ಡ್‌ಬೋರ್ಡ್. ಪಿಕಪ್ಪಿನ ಕವಚಕ್ಕೆ ಲಿಪ್‌ಸ್ಟಿಕ್ ಡಬ್ಬಿಯ ಲೋಹದ ಕೊಳವೆ! ಮುಂದೆ ಲೆಡ್ ಜೆಪ್ಪೆಲಿನ್ ತಂಡದ ಜಿಮ್ಮಿ ಪೇಜ್‌ನಂಥ ಪ್ರಸಿದ್ಧ ವಾದಕರೇ ಆ ಗಿಟಾರನ್ನು ವೇದಿಕೆಗೆ ತಂದರು.

ಇನ್ನೂ ಸ್ವಾರಸ್ಯದ ಸಂಗತಿ ಇಂಗ್ಲೆಂಡಿನದು. 1963ರಲ್ಲಿ ಬ್ರಿಯಾನ್ ಮೇ ಎಂಬ ಹುಡುಗನಿಗೆ ಒಳ್ಳೆಯ ಗಿಟಾರ್ ಕೊಳ್ಳುವ ಶಕ್ತಿ ಇರಲಿಲ್ಲ. ಎಲೆಕ್ಟ್ರಾನಿಕ್ಸ್ ಬಲ್ಲ ತಂದೆಯೊಂದಿಗೆ ಕುಳಿತು ತಾನೇ ಒಂದನ್ನು ಮಾಡತೊಡಗಿದ. ಹಳೆಯ ಅಗ್ಗಿಷ್ಟಿಕೆಯ ಮರದಿಂದ ಕತ್ತು, ಹಳೆಯ ಮೋಟಾರ್ ಸೈಕಲಿನ ಸ್ಪ್ರಿಂಗುಗಳು, ತಾಯಿಯ ಹೆಣಿಗೆ ಕಡ್ಡಿಯ ತುದಿ. ಮರದಲ್ಲಿ ಹುಳು ಕೊರೆದ ತೂತುಗಳಿಗೆ ಬೆಂಕಿಕಡ್ಡಿ. ಸುಮಾರು ಎರಡು ವರ್ಷದ ದುಡಿಮೆ. ಪಿಕಪ್ಪುಗಳನ್ನೂ ಮನೆಯಲ್ಲೇ ಸುತ್ತಿದ್ದನಾದರೂ ಅವು ಸರಿಬರಲಿಲ್ಲ. ಅದಕ್ಕೆ ಮಾತ್ರ ಹಣ ಕೊಟ್ಟು ಅಂಗಡಿಯಿಂದ ತಂದ. 'ರೆಡ್ ಸ್ಪೆಷಲ್' ಎಂಬ ಆ ಗಿಟಾರನ್ನೇ ಅವನು ಕ್ವೀನ್ ತಂಡದಲ್ಲಿ ಜೀವಮಾನವಿಡೀ ನುಡಿಸಿದ. ಅರ್ಧಕ್ಕೆ ನಿಲ್ಲಿಸಿದ್ದ ಓದನ್ನೂ ಮುಗಿಸಿ 2007ರಲ್ಲಿ ಖಗೋಳ ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದ. ಎಲ್ಲಿ ಉಳಿಸಬೇಕು, ಎಲ್ಲಿ ಬಿಚ್ಚಬೇಕು ಎಂಬ ವ್ಯಾಪಾರದ ಪಾಠ ಇಲ್ಲಿಯೂ ಇದೆಯಲ್ಲವೇ?

ಇಪ್ಪತ್ತು ಸಾವಿರದ ಲೆಕ್ಕ

ಒಟ್ಟು 20 ಸಾವಿರ ರೂಪಾಯಿ ಎಂದು ಗೊತ್ತುಪಡಿಸಿದಿರಿ ಎನ್ನಿ. ಎಲ್ಲವನ್ನೂ ಗಿಟಾರಿಗೇ ಸುರಿಯಬೇಡಿ. ಸುಮಾರು ಅರ್ಧ ಗಿಟಾರಿಗೆ, ಮೂರನೆಯ ಒಂದು ಭಾಗ ಆಂಪ್ಲಿಫೈಯರಿಗೆ, ಉಳಿದದ್ದು ಒಳ್ಳೆಯ ಕೇಬಲ್, ಎರಡು ಸೆಟ್ ತಂತಿ, ಶ್ರುತಿಯಂತ್ರ ಮತ್ತು ಬಲ್ಲವರ ಕೈಯಿಂದ ವಾದ್ಯವನ್ನು ಹದ ಮಾಡಿಸುವ ಕೂಲಿಗೆ. ಈ ಕೊನೆಯ ಖರ್ಚೇ ಅತಿ ಹೆಚ್ಚು ಬಡ್ಡಿ ತರುವಂಥದು.

ಹದ ಮಾಡುವುದೆಂದರೆ ಏನು? ಹನ್ನೆರಡನೆಯ ಮೆಟ್ಟಿಲ ಬಳಿ ತಂತಿ ಮೆಟ್ಟಿಲಿಗಿಂತ ಒಂದೂವರೆಯಿಂದ ಎರಡು ಮಿಲಿಮೀಟರ್ ಎತ್ತರವಿದ್ದರೆ ಮಕ್ಕಳ ಬೆರಳಿಗೆ ನೋವಾಗದು. ಅದೇ ಹನ್ನೆರಡನೆಯ ಮೆಟ್ಟಿಲ ಮೇಲೆ ತಂತಿಯನ್ನು ಹಗುರವಾಗಿ ಮುಟ್ಟಿ ಹೊರಡಿಸಿದ ಸ್ವರ, ಒತ್ತಿ ಹೊರಡಿಸಿದ ಸ್ವರ ಎರಡೂ ಒಂದೇ ಇರಬೇಕು. ಒತ್ತಿದ ಸ್ವರ ಏರಿದ್ದರೆ ಕುದುರೆಯ ಮೇಲಿನ ಆ ತಂತಿಯ ತುಣುಕನ್ನು ಸ್ಕ್ರೂ ತಿರುಗಿಸಿ ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ ಸರಿಸಬೇಕು. ಪಿಕಪ್ ತಂತಿಗೆ ತೀರ ಹತ್ತಿರವಿದ್ದರೆ ಅಯಸ್ಕಾಂತ ತಂತಿಯನ್ನು ಎಳೆದು ಸ್ವರ ನಡುಗುತ್ತದೆ. ಕೊನೆಯ ಮೆಟ್ಟಿಲಲ್ಲಿ ಒತ್ತಿ ಹಿಡಿದಾಗ ಎರಡು ಮೂರು ಮಿಲಿಮೀಟರ್ ಅಂತರ ಬಿಟ್ಟು ಕಿವಿಯಿಂದಲೇ ತೀರ್ಮಾನಿಸಿ. ಇದಕ್ಕೆಲ್ಲ ಬೇಕಾದದ್ದು ಒಂದು ಸ್ಕ್ರೂಡ್ರೈವರ್, ತಾಳ್ಮೆ. ಹೊಸಬರಿಗೆ ಇಂಚಿನ ಸಾವಿರದ ಒಂಬತ್ತು ಭಾಗ ದಪ್ಪದಿಂದ ಶುರುವಾಗುವ ತೆಳು ತಂತಿಗಳ ಸೆಟ್ ಸಾಕು.

ಹಳೆಯ ಗಿಟಾರ್ ಕೊಳ್ಳಲು ಸಂಕೋಚ ಬೇಡ. ಮಾಲು ನೋಡಿ ಕೊಳ್ಳುವ ಕಣ್ಣು ನಮ್ಮವರಿಗೆ ಹುಟ್ಟಿನಿಂದಲೇ ಇದೆ. ಕತ್ತು ನೆಟ್ಟಗಿದೆಯೇ, ಪ್ರತಿ ಮೆಟ್ಟಿಲೂ ಸ್ವರ ಕೊಡುತ್ತದೆಯೇ, ಬಿರಡೆ ಜಾರುತ್ತದೆಯೇ, ಗುಂಡಿ ತಿರುಗಿಸಿದರೆ ಕರಕರ ಎನ್ನುತ್ತದೆಯೇ ನೋಡಿ. ಕರಕರ ದೊಡ್ಡ ರೋಗವಲ್ಲ, ಸ್ವಚ್ಛಗೊಳಿಸುವ ದ್ರಾವಣಕ್ಕೆ ಹೋಗುತ್ತದೆ. ಕತ್ತು ತಿರುಚಿದ್ದರೆ ಮಾತ್ರ ಚೌಕಾಸಿಗೂ ನಿಲ್ಲದೆ ಬಂದುಬಿಡಿ.

ಆಂಪ್ಲಿಫೈಯರ್ ಮತ್ತು ಅದರ ಜಾಗ

ಮನೆಯ ಟೇಪ್‌ರೆಕಾರ್ಡರ್ ಸ್ಪೀಕರಿಗೋ ಸಭೆಯ ಧ್ವನಿವರ್ಧಕಕ್ಕೋ ಗಿಟಾರನ್ನು ನೇರವಾಗಿ ಸಿಕ್ಕಿಸಿದರೆ ನಾದ ಒಣಗಿದಂತೆ, ಕರ್ಕಶವಾಗಿ ಕೇಳಿಸುತ್ತದೆ. ಗಿಟಾರ್ ಆಂಪ್ಲಿಫೈಯರಿನ ಸ್ಪೀಕರ್ ಸುಮಾರು 5,000 ಕಂಪನಗಳಿಗಿಂತ ಮೇಲಿನ ಚುಚ್ಚುವ ಧ್ವನಿಯನ್ನು ತಾನೇ ಸೋಸಿಬಿಡುತ್ತದೆ. ನಮ್ಮ ಕಿವಿ 'ಗಿಟಾರಿನ ನಾದ' ಎಂದು ಗುರುತಿಸುವುದು ಹಾಗೆ ಸೋಸಿ ಬಂದದ್ದನ್ನೇ. ಆದ್ದರಿಂದ ಚಿಕ್ಕದಾದರೂ ಗಿಟಾರಿಗೆಂದೇ ಮಾಡಿದ ಆಂಪ್ಲಿಫೈಯರ್ ಇರಲಿ. ಕೈಗೆಟಕಿದರೆ ಎಂಟು ಇಂಚಿನ ಸ್ಪೀಕರ್ ಇರುವುದನ್ನು ಆರಿಸಿ.

ಅದನ್ನು ನೆಲದ ಮೇಲೆ, ಮೂಲೆಯಲ್ಲಿ ಇಟ್ಟರೆ ಮಂದ್ರ ಗುಂಯ್ ಎನ್ನುತ್ತದೆ. ಸ್ಟೂಲಿನ ಮೇಲಿಟ್ಟು ಮುಖವನ್ನು ಕಿವಿಯ ಕಡೆ ತಿರುಗಿಸಿ. ಎಲ್ಲ ಗುಂಡಿಗಳನ್ನೂ ನಡುವಿಗೆ ಇಟ್ಟು ಶುರುಮಾಡಿ. ಮಧ್ಯದ ಸ್ವರಗಳ ಗುಂಡಿಯನ್ನು ಸ್ವಲ್ಪ ಏರಿಸಿ. ಗೊರಗೊರ ಧ್ವನಿ ಕೊಡುವ 'ಗೇನ್' ಗುಂಡಿ ಹುಡುಗರಿಗೆ ಬಹಳ ಇಷ್ಟ. ತಮಗೆ ಬೇಕೆನಿಸಿದ್ದಕ್ಕಿಂತ ಅರ್ಧಕ್ಕೆ ಇಳಿಸಲು ಹೇಳಿ. ಸ್ವರಗಳು ಒಂದೊಂದಾಗಿ ಕೇಳಿಸತೊಡಗುತ್ತವೆ, ತಪ್ಪುಗಳೂ ಕೇಳಿಸುತ್ತವೆ. ಅಭ್ಯಾಸಕ್ಕೆ ಅದೇ ಒಳ್ಳೆಯದು. ಕೇಬಲ್ ಮೂರು ಮೀಟರ್ ಸಾಕು. ಉದ್ದವಾದಷ್ಟೂ ತಾರ ಸ್ವರದ ಹೊಳಪು ಮಾಸುತ್ತದೆ. ಈಗ ಮೊಬೈಲಿನಲ್ಲೇ ಆಂಪ್ಲಿಫೈಯರುಗಳನ್ನು ಅನುಕರಿಸುವ ತಂತ್ರಾಂಶಗಳಿವೆ. ಸಣ್ಣ ಜೋಡಣೆ ಸಾಧನ, ಹೆಡ್‌ಫೋನ್ ಇದ್ದರೆ ರಾತ್ರಿಯ ಅಭ್ಯಾಸಕ್ಕೆ ಅದೇ ಸಾಕು.

ಕಡಲ ಗಾಳಿ, ಜಡಿಮಳೆ

ಮೊಗ್ರಾಲಿನಂಥ ಊರಿನಲ್ಲಿ ವಾದ್ಯಕ್ಕೆ ಮೊದಲ ಶತ್ರು ಉಪ್ಪುಗಾಳಿ. ಉಕ್ಕಿನ ತಂತಿ ಬೆವರು, ಉಪ್ಪು ಸೇರಿ ಬೇಗ ತುಕ್ಕು ಹಿಡಿದು ನಾದ ಮಂಕಾಗುತ್ತದೆ. ನುಡಿಸುವ ಮುಂಚೆ ಕೈ ತೊಳೆದು, ನುಡಿಸಿದ ಮೇಲೆ ಒಣ ಹತ್ತಿ ಬಟ್ಟೆಯಿಂದ ಪ್ರತಿ ತಂತಿಯನ್ನೂ ಒರೆಸಿದರೆ ಅದರ ಆಯಸ್ಸು ಹೆಚ್ಚುತ್ತದೆ. ಮೇಲೆ ತೆಳು ಲೇಪವಿರುವ ತಂತಿಗೆ ಬೆಲೆ ಹೆಚ್ಚಾದರೂ ಕರಾವಳಿಯಲ್ಲಿ ಅದು ಲಾಭದ ಮಾತೇ. ಮಳೆಗಾಲದಲ್ಲಿ ವಾದ್ಯವನ್ನು ಗೋಡೆಗೆ ತೂಗುಹಾಕದೆ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಪೆಟ್ಟಿಗೆಯಲ್ಲಿಡಿ. ಆಷಾಢದಲ್ಲಿ ಮರ ತೇವ ಹೀರಿ ಕತ್ತು ತುಸು ಬಾಗಿದರೆ ಗಾಬರಿ ಬೇಡ. ಒಳಗಿನ ಕಬ್ಬಿಣದ ಸರಳನ್ನು ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸದೆ ಸರಿಪಡಿಸಬಹುದು.

ಎರಡನೆಯದು ವಿದ್ಯುತ್ತಿನ ಗುಂಯ್‌ಗುಡುವಿಕೆ. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಆವರ್ತನೆಯದು; ಒಂಟಿ ಸುರುಳಿಯ ಪಿಕಪ್ ಅದನ್ನು ಗಾಳಿಯಿಂದಲೇ ಹೀರುತ್ತದೆ. ಟ್ಯೂಬ್‌ಲೈಟಿನ ಚೋಕ್, ಫ್ಯಾನ್ ರೆಗ್ಯುಲೇಟರ್, ಅಗ್ಗದ ಇನ್ವರ್ಟರ್‌ಗಳಿಂದ ದೂರ ಕುಳಿತು, ಗಿಟಾರನ್ನು ಸ್ವಲ್ಪ ತಿರುಗಿಸಿ ನೋಡಿ. ಗದ್ದಲ ತಗ್ಗುವ ದಿಕ್ಕು ಸಿಗುತ್ತದೆ. ಒಂದರ ಗದ್ದಲವನ್ನು ಇನ್ನೊಂದು ಅಳಿಸುವ ಜೋಡಿ ಸುರುಳಿಯ ಪಿಕಪ್ಪನ್ನು 1955ರ ಸುಮಾರಿಗೆ ಸೆತ್ ಲವರ್ ರೂಪಿಸಿದ. ಈಗ ಅದು ಅಗ್ಗದ ಗಿಟಾರುಗಳಲ್ಲೂ ದೊರೆಯುತ್ತದೆ.

ಇಲ್ಲಿ ಮಾತ್ರ ಉಳಿತಾಯ ಬೇಡ

ಗುಂಯ್ ಎನ್ನುವ ಗದ್ದಲ ತಗ್ಗಲೆಂದು ಪ್ಲಗ್ಗಿನ ಮೂರನೆಯ, ದಪ್ಪ ಪಿನ್ನನ್ನು ಕಿತ್ತುಹಾಕುವ ಕೆಟ್ಟ ಅಭ್ಯಾಸ ಕೆಲವೆಡೆ ಇದೆ. ತಾಯಿತಂದೆಯರು ಇದನ್ನು ಕಡ್ಡಾಯವಾಗಿ ತಡೆಯಬೇಕು. ಗಿಟಾರಿನ ತಂತಿಗಳು ಕೇಬಲ್ ಮೂಲಕ ಆಂಪ್ಲಿಫೈಯರಿನ ಲೋಹದ ಮೈಗೆ ಸೇರಿರುತ್ತವೆ. ಅರ್ಥಿಂಗ್ ಇಲ್ಲದೆ ಒಳಗೆ ದೋಷ ಹುಟ್ಟಿದರೆ ಮಗುವಿನ ಬೆರಳ ಕೆಳಗಿನ ತಂತಿಯಲ್ಲೇ ಮನೆಯ ವಿದ್ಯುತ್ತು ಹರಿಯಬಹುದು. 1972ರ ಮೇ ತಿಂಗಳಲ್ಲಿ ಲೆಸ್ ಹಾರ್ವೆ ಎಂಬ ಸ್ಕಾಟಿಷ್ ಗಿಟಾರ್ ವಾದಕ ವೇಲ್ಸಿನ ಸ್ವಾನ್ಸಿಯ ವೇದಿಕೆಯಲ್ಲಿ ಅರ್ಥಿಂಗ್ ಸರಿಯಿಲ್ಲದ ಮೈಕನ್ನು ಮುಟ್ಟಿ ಸತ್ತ. 1976ರಲ್ಲಿ ಯಾರ್ಡ್‌ಬರ್ಡ್ಸ್ ತಂಡದ ಹಾಡುಗಾರನಾಗಿದ್ದ ಕೀತ್ ರೆಲ್ಫ್ ತನ್ನ ಮನೆಯಲ್ಲೇ ಅರ್ಥಿಂಗ್ ಸರಿಯಿಲ್ಲದ ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತಾ ಪ್ರಾಣ ಕಳೆದುಕೊಂಡ. ಆಗ ಅವನಿಗೆ 33 ವರ್ಷ.

ಆದ್ದರಿಂದ ಗಿಟಾರ್ ಬರುವ ಮೊದಲೇ ಎಲೆಕ್ಟ್ರಿಷಿಯನ್ ಬರಲಿ. ಹಳೆಯ ಮನೆಯಾದರೆ ಅರ್ಥಿಂಗ್ ಪರೀಕ್ಷಿಸಿ, 30 ಮಿಲಿ ಆಂಪಿಯರ್ ಸೋರಿಕೆಗೇ ವಿದ್ಯುತ್ ಕಡಿಯುವ ಸುರಕ್ಷಾ ಸ್ವಿಚ್ ಹಾಕಿಸಿ. ಬರಿಗಾಲಿನಲ್ಲಿ, ಒದ್ದೆ ನೆಲದ ಮೇಲೆ ನುಡಿಸಬಾರದು. ಸಿಡಿಲಿನ ಹೊತ್ತಿನಲ್ಲಿ ಪ್ಲಗ್ ಕಿತ್ತಿಡಬೇಕು. ಈ ಖರ್ಚನ್ನು ಗಿಟಾರಿನ ಲೆಕ್ಕಕ್ಕಲ್ಲ, ಮನೆಯ ಲೆಕ್ಕಕ್ಕೆ ಬರೆಯಿರಿ. ಅದು ಎಲ್ಲರ ಪ್ರಾಣವನ್ನೂ ಕಾಯುತ್ತದೆ.

ಶ್ರಾವಕರ ಮನೆಗೆ ಒಪ್ಪುವಂತೆ

ವಾದ್ಯದಲ್ಲಿ ಪ್ರಾಣಿಜನ್ಯ ವಸ್ತು ಇದೆಯೇ ಎಂದು ವಿಚಾರಿಸುವುದು ನಮ್ಮ ಧರ್ಮ. ದುಬಾರಿ ಗಿಟಾರುಗಳಲ್ಲಿ ತಂತಿ ಹಾಯುವ ಪಟ್ಟಿ ಮೂಳೆಯದಿರಬಹುದು, ಅಲಂಕಾರ ಮುತ್ತಿನ ಚಿಪ್ಪಿನದು, ಹೆಗಲ ಪಟ್ಟಿ ಚರ್ಮದ್ದು. ತಂತಿ ಮೀಟುವ ತುಣುಕನ್ನು ಹಿಂದೆ ಕಡಲಾಮೆಯ ಚಿಪ್ಪಿನಿಂದಲೂ ಮಾಡುತ್ತಿದ್ದರು. ಅಗ್ಗದ ಗಿಟಾರಿನಲ್ಲಿ ಇವೆಲ್ಲ ಸಾಮಾನ್ಯವಾಗಿ ಪ್ಲಾಸ್ಟಿಕ್. ಹೆಗಲ ಪಟ್ಟಿಗೆ ನೈಲಾನ್ ಸಿಗುತ್ತದೆ. ಬೆಲೆ ಇಳಿದಂತೆ ಹಿಂಸೆಯೂ ಇಳಿಯುವ ಇಂಥ ವಸ್ತು ಅಪರೂಪ. ಆದರೂ ಪಟ್ಟಿ, ಅಂಟು ಯಾವುದರದೆಂದು ಕೊಳ್ಳುವಾಗ ಕೇಳಿ ತಿಳಿಯಿರಿ.

ಧ್ವನಿಯಲ್ಲೂ ಅಹಿಂಸೆ ಇದೆ. ಮನೆಯವರ ಸಾಮಾಯಿಕದ ಹೊತ್ತು, ನೆರೆಯವರ ಪ್ರಾರ್ಥನೆಯ ಹೊತ್ತು, ಪಕ್ಕದ ಮನೆಯ ಮಕ್ಕಳು ಪರೀಕ್ಷೆಗೆ ಓದುವ ಹೊತ್ತು ಸ್ಪೀಕರ್ ಮೌನವಾಗಿರಲಿ. ಹೆಡ್‌ಫೋನಿನಲ್ಲೂ ಧ್ವನಿ ಮಿತಿಯಲ್ಲಿರಲಿ. ಕೆಟ್ಟ ಕಿವಿಗೆ ಬದಲಿ ಯಾವ ಅಂಗಡಿಯಲ್ಲೂ ಇಲ್ಲ.

ಗಿಟಾರ್ ಕಲಿಯುವವರನ್ನು ಕಾಡುವ ದೊಡ್ಡ ರೋಗ ಒಂದಿದೆ: ನಾದ ಚೆನ್ನಾಗಿಲ್ಲವೆಂದು ಒಂದಾದ ಮೇಲೊಂದು ಪೆಡಲ್, ಒಂದಾದ ಮೇಲೊಂದು ಗಿಟಾರ್ ಕೊಳ್ಳುತ್ತಾ ಹೋಗುವುದು. ಪರಿಗ್ರಹ ಪರಿಮಾಣವೆಂಬ ಅಣುವ್ರತ ಇಲ್ಲಿ ಗುರುವಿನಂತೆ ದಾರಿ ತೋರಿಸುತ್ತದೆ. ಒಂದು ಗಿಟಾರ್, ಒಂದು ಆಂಪ್ಲಿಫೈಯರ್, ಒಂದು ವರ್ಷ: ಈ ಮಿತಿಯನ್ನು ಮಕ್ಕಳೇ ಒಪ್ಪಿ ಹಾಕಿಕೊಳ್ಳಲಿ. ಹೊಸದು ಬೇಕೆನಿಸಿದಾಗಲೆಲ್ಲ ಮೊದಲು ತಂತಿ ಬದಲಿಸಿ, ಶ್ರುತಿ ನೋಡಿ, ಪಿಕಪ್ಪಿನ ಎತ್ತರ ನೋಡಿ, ಗೇನ್ ಇಳಿಸಿ, ಆಂಪ್ಲಿಫೈಯರಿನ ಜಾಗ ಬದಲಿಸಿ ನೋಡಲಿ. ಬಹಳ ಸಲ ಬಯಸಿದ ನಾದ ಮನೆಯಲ್ಲೇ ಸಿಗುತ್ತದೆ. ತಾಯಿತಂದೆಯರು ವಾರಕ್ಕೊಮ್ಮೆ ಹತ್ತು ನಿಮಿಷ ಎದುರು ಕುಳಿತು ಕೇಳಿದರೆ ಸಾಕು. ಕೇಳುವವರಿದ್ದಾರೆ ಎಂದಾದರೆ ಮಕ್ಕಳ ಬೆರಳು ತಾನಾಗಿ ಹದಕ್ಕೆ ಬರುತ್ತದೆ. ಆ ಹತ್ತು ನಿಮಿಷಕ್ಕೆ ಬೆಲೆ ಕಟ್ಟಲು ನಮ್ಮ ಯಾವ ಖಾತೆ ಪುಸ್ತಕದಲ್ಲೂ ಅಂಕಣವಿಲ್ಲ.