ತಮಟೆಗೆ ಚರ್ಮವೋ, ಪ್ಲಾಸ್ಟಿಕ್ಕೋ?

ಹಾಸನ, ಹೊಳೆನರಸೀಪುರದ ಕಡೆ ಮೆರವಣಿಗೆ ಅಂದ್ರೆ ಒಂದೋ ಬ್ಯಾಂಡ್‌ಸೆಟ್‌ನ ಸೈಡ್ ಡ್ರಮ್ಮು, ಇಲ್ಲಾಂದ್ರೆ ನಮ್ಮ ತಮಟೆ. ಎರಡನ್ನೂ ಕಡ್ಡಿಯಲ್ಲೇ ಹೊಡೆಯೋದು. ಮತ್ತೆ ಸದ್ದು ಯಾಕೆ ಬೇರೆ?

ಸೈಡ್ ಡ್ರಮ್ಮಿನ, ಅಂದ್ರೆ ಸ್ನೇರ್‌ನ, ತಳಕ್ಕೆ ತಾಗಿದ ತಂತಿಗಳು ಅದುರಿ 'ಚರ್' ಅನ್ನುತ್ತವೆ. ಸುತ್ತಿನ ಡಬ್ಬ ಹಿತ್ತಾಳೆಯದಾದ್ರೆ ಸದ್ದು ಖಣಖಣ ಅಂತ ಮೊಳಗುತ್ತೆ, ಮರದ್ದಾದ್ರೆ ಮೆತ್ತಗೆ, ಬೇಗ ಅಡಗುತ್ತೆ. ಲುಡ್ವಿಗ್ ಕಂಪನಿಯ 1920ರ ದಶಕದ ಹಿತ್ತಾಳೆ ಸ್ನೇರ್ 'ಬ್ಲ್ಯಾಕ್ ಬ್ಯೂಟಿ'ಯನ್ನ ಜನ ಇವತ್ತಿಗೂ ಹುಡುಕಿ ಕೊಳ್ತಾರೆ.

ತಮಟೆಗೆ ಡಬ್ಬವೇ ಇಲ್ಲ, ಬರೀ ಬಳೆ. ಹಾಗಾಗಿ ಸದ್ದಿನ ಭಾರವೆಲ್ಲ ಚರ್ಮದ ಮೇಲೆ. ಚರ್ಮ ತೇವ ಹೀರಿದ್ರೆ ಸಡಿಲವಾಗಿ ಸದ್ದು ಮಂಕಾಗುತ್ತೆ. ಬೆಂಕಿಗೆ ಹಿಡಿದ್ರೆ ತೇವ ಆರಿ, ಬಿಗಿದು, ಸದ್ದು ಏರುತ್ತೆ. ಒಣ ಹವೆಯ ಚನ್ನರಾಯಪಟ್ಟಣದಲ್ಲಿ ನಿಲ್ಲೋ ಬಿಗಿ, ಮಳೆಗಾಲದ ಅರಕಲಗೂಡಲ್ಲಿ ನಿಲ್ಲಲ್ಲ.

1957ರಲ್ಲಿ ಅಮೆರಿಕದ ರೆಮೊ ಬೆಲ್ಲಿ ಡ್ರಮ್ಮಿಗೆ ಪ್ಲಾಸ್ಟಿಕ್ ಹಾಳೆಯ ಹೊದಿಕೆ ತಂದ್ರು. ಈಗ ತಮಟೆಗೂ ಅದು ಬಂದಿದೆ. ಮಳೆಯ ಭಯ ಇಲ್ಲ, ಕಾಯಿಸೋ ಕೆಲಸ ಇಲ್ಲ. ಆದ್ರೆ ಚರ್ಮದ ನಾರು ಕೀರಲು ಸದ್ದನ್ನ ನುಂಗಿ ಗುಂಡಗಿನ ನಾದ ಉಳಿಸುತ್ತೆ. ಪ್ಲಾಸ್ಟಿಕ್ ಅಷ್ಟು ನುಂಗಲ್ಲ, 'ಟಣ್' ಅಂತ ಕಿವಿಗೆ ಹೊಡೆಯುತ್ತೆ.

ನಾನು ಬಿ.ಕಾಂ. ಓದಿದವನು, ಲೆಕ್ಕ ಹಾಕ್ತೀನಿ. ತಮಟೆ ತೊಯ್ದು ಮೆರವಣಿಗೆ ನಿಂತ್ರೆ ಹೋಗೋದು ಹೊಡೆಯೋರ ಕೂಲಿ. ಪ್ಲಾಸ್ಟಿಕ್ ಹಾಕಿದವರನ್ನ ಆಡಿಕೊಳ್ಳೋದು ಸುಲಭ. 2023ರಲ್ಲಿ ತಮಟೆ ಕಲಾವಿದ ಮುನಿವೆಂಕಟಪ್ಪ ಅವರಿಗೆ ಪದ್ಮಶ್ರೀ ಬಂದಾಗ ಎಲ್ಲರೂ ಸ್ಟೇಟಸ್ ಹಾಕಿದ್ವಿ. ನಿಮ್ಮೂರ ಹಬ್ಬಕ್ಕೆ ಚರ್ಮದ ಸದ್ದೇ ಬೇಕಾ? ಹಾಗಾದ್ರೆ ತಮಟೆ ಕಾಯಿಸೋಕೆ ಟೈಮ್ ಕೊಡಿ, ಆ ಕೆಲಸಕ್ಕೂ ಸೇರಿಸಿ ದುಡ್ಡು ಕೊಡಿ.