ಮನೆ ವಿಡಿಯೋ ಟಿವಿಯಲ್ಲಿ ನೋಡ್ಬೇಕಾ? ರೊಕ್ಕ ಹಾಕೋ ಮೊದಲು ಟಿವಿ ಹಿಂದ ನೋಡ್ರಿ

ಇಜೇರಿ (ಜೇವರ್ಗಿ ತಾ.): ಮದುವೆ ವಿಡಿಯೋ ಪೆನ್‌ಡ್ರೈವ್‌ನಲ್ಲಿ, ಜಾತ್ರೆ ವಿಡಿಯೋ ಮೊಬೈಲ್‌ನಲ್ಲಿ, ತೀರಿಹೋದ ಹಿರಿಯರ ದನಿ ಯಾವುದೋ ಹಳೇ ಮೆಮೊರಿ ಕಾರ್ಡ್‌ನಲ್ಲಿ. ಇವನ್ನೆಲ್ಲ ಮನೆಮಂದಿ ಕೂಡಿ ಟಿವಿಯಲ್ಲಿ ನೋಡಬೇಕಂದ್ರೆ ಏನು ತಗೋಬೇಕು?

ಎಲ್ಲರಿಗೂ ಮೊದಲು ನೆನಪಾಗೋದು ಸ್ಟಿಕ್. ಆದರೆ ಅದು ಇರೋದು ನೆಟ್‌ನಿಂದ ಸಿನಿಮಾ ತರಿಸಿ ತೋರಿಸೋಕೆ. ನಿಮ್ಮ ವಿಡಿಯೋ ಈಗಾಗಲೇ ಮನೆಯಲ್ಲೇ ಅದ. ಅದಕ್ಕೆ ನೆಟ್‌ಗಿಂತ ಯುಎಸ್‌ಬಿ ಪೋರ್ಟ್ ಮುಖ್ಯ.

ಮೊದಲು ಇದ್ದದ್ದರಲ್ಲೇ ನೋಡ್ರಿ

ಎಲ್‌ಇಡಿ ಟಿವಿಯ ಹಿಂದೆ ಅಥವಾ ಬದಿಗೆ ಯುಎಸ್‌ಬಿ ಪೋರ್ಟ್ ಇದ್ದರೆ ಪೆನ್‌ಡ್ರೈವ್ ಹಾಕಿ ನೋಡಿ. ಹಳೇ ಡಬ್ಬಾ ಟಿವಿ ಇದ್ದವರು ಡಿಡಿ ಫ್ರೀ ಡಿಶ್ ಬಾಕ್ಸ್ ನೋಡಿ. ಹಲವು ಬಾಕ್ಸ್‌ಗಳಲ್ಲಿ ಯುಎಸ್‌ಬಿ ಇರುತ್ತದೆ, ವಿಡಿಯೋ ಅದರಲ್ಲೇ ಓಡುತ್ತದೆ. ಸ್ಮಾರ್ಟ್ ಟಿವಿ ಇದ್ದರೆ ‘ಸ್ಕ್ರೀನ್ ಮಿರರಿಂಗ್’ ಆಯ್ಕೆ ಹುಡುಕಿ. ಫೋನು, ಟಿವಿ ಎರಡರಲ್ಲೂ ಮಿರಾಕಾಸ್ಟ್ ಸೌಲಭ್ಯ ಇದ್ದರೆ ಫೋನಿನ ವಿಡಿಯೋ ಡೇಟಾ ಖರ್ಚಿಲ್ಲದೆ ಟಿವಿಗೆ ಬರುತ್ತದೆ.

ಓಡದಿದ್ದರೆ ಕಾರಣ ಏನು?

ಎಂಪಿ4 ಅನ್ನೋದು ಬರೀ ಡಬ್ಬಿ. ಒಳಗಿನ ವಿಡಿಯೋ ಎಚ್.264 ಆದರೆ ಬಹುತೇಕ ಟಿವಿ ಓದುತ್ತವೆ. ಹೊಸ ಫೋನುಗಳು ಜಾಗ ಉಳಿಸೋಕೆ ಎಚ್.265ರಲ್ಲಿ ಶೂಟ್ ಮಾಡಬಹುದು, ಅದು ಹಳೇ ಟಿವಿಗೆ ತಿಳಿಯೋದಿಲ್ಲ. ಕಂಪ್ಯೂಟರ್‌ನಲ್ಲಿ ಹ್ಯಾಂಡ್‌ಬ್ರೇಕ್ ಎಂಬ ಉಚಿತ ಸಾಫ್ಟ್‌ವೇರ್‌ನಿಂದ ಎಚ್.264ಗೆ ಬದಲಿಸಿಕೊಳ್ಳಬಹುದು. ಇನ್ನೊಂದು, ಎಫ್‌ಎಟಿ32 ಪೆನ್‌ಡ್ರೈವ್‌ಗೆ 4 ಜಿಬಿಗಿಂತ ದೊಡ್ಡ ಫೈಲ್ ಕಾಪಿಯೇ ಆಗುವುದಿಲ್ಲ. ಹಾರ್ಡ್‌ಡಿಸ್ಕ್ ಟಿಕ್ ಟಿಕ್ ಅಂದು ನಿಂತರೆ ಟಿವಿ ಪೋರ್ಟ್‌ನ ಕರೆಂಟ್ ಸಾಲುತ್ತಿಲ್ಲ ಅಂತ ಅರ್ಥ ಇರಬಹುದು. ಯುಎಸ್‌ಬಿ 2.0 ಲೆಕ್ಕದ ಪ್ರಕಾರ ಸಿಗೋದು 500 ಮಿಲಿಆಂಪಿಯರ್ ಮಾತ್ರ.

ತಗೊಳ್ಳೋದೇ ಆದರೆ

ಎಚ್.265 ಓದುವ, ದೊಡ್ಡ ಯುಎಸ್‌ಬಿ ಪೋರ್ಟ್ ಇರುವ ಆಂಡ್ರಾಯ್ಡ್ ಬಾಕ್ಸ್ ನೋಡಿ. ಅದರಲ್ಲಿ ವಿಎಲ್‌ಸಿ ಆ್ಯಪ್ ಹಾಕಿಕೊಂಡರೆ ಹೆಚ್ಚಿನ ಫೈಲ್ ಓಡುತ್ತವೆ. 2020ರಲ್ಲಿ ಬಂದ ಶಿಯೋಮಿಯ ಮಿ ಬಾಕ್ಸ್ 4ಕೆಯಲ್ಲಿ ಇಂಥ ಪೋರ್ಟ್ ಇದೆ. ಅಮೆಜಾನ್ ಫೈರ್ ಟಿವಿ ಸ್ಟಿಕ್‌ನಲ್ಲಿ ಇಲ್ಲ, ಅದರ ಸಣ್ಣ ಪೋರ್ಟ್ ಕರೆಂಟ್‌ಗೆ. ಚಾಲೂ ಮಾಡೋಕೂ ನೆಟ್ ಬೇಕು. ಡಬ್ಬಾ ಟಿವಿಗೆ ಬಾಕ್ಸ್ ಜೋಡಿಸಬೇಕಂದ್ರೆ ಎಚ್‌ಡಿಎಂಐನಿಂದ ಕೆಂಪು-ಬಿಳಿ-ಹಳದಿ ಪಿನ್ನಿಗೆ ಬದಲಿಸುವ ಕನ್ವರ್ಟರ್ ಬೇರೆ ತಗೋಬೇಕು. ವೈಫೈ ಮೂಲಕ ನೋಡುವವರು 2.4 ಗಿಗಾಹರ್ಟ್ಜ್ ಇಟ್ಟುಕೊಳ್ಳಿ. ನಮ್ಮ ಕಡೆಯ ದಪ್ಪ ಕಲ್ಲಿನ ಗೋಡೆ ದಾಟೋಕೆ 5 ಗಿಗಾಹರ್ಟ್ಜ್‌ಗಿಂತ ಅದೇ ವಾಸಿ.

ಹೆಸರಿಲ್ಲದ ಅಗ್ಗದ ಬಾಕ್ಸ್ ಬ್ಯಾಡ್ರಿ. ಇಂಥ ಕೆಲವು ಬಾಕ್ಸ್‌ಗಳೊಳಗೆ ‘ಬ್ಯಾಡ್‌ಬಾಕ್ಸ್ 2.0’ ಎಂಬ ಕಳ್ಳ ಸಾಫ್ಟ್‌ವೇರ್ ಮೊದಲೇ ಕೂತಿರುತ್ತದೆ ಅಂತ ಅಮೆರಿಕದ ಎಫ್‌ಬಿಐ 2025ರ ಜೂನ್‌ನಲ್ಲಿ ಎಚ್ಚರಿಸಿದೆ. ಅದು ನಿಮ್ಮ ಮನೆಯ ನೆಟ್ ಬಳಸಿ ಬೇರೆಯವರು ಕಳ್ಳ ಕೆಲಸ ಮಾಡೋಕೆ ದಾರಿ ಕೊಡುತ್ತದೆ.

ಎಲ್ಲಕ್ಕಿಂತ ಮೊದಲು

ಕೆಲ ಟಿವಿಗಳು ಪೆನ್‌ಡ್ರೈವ್ ಹಾಕಿದ ಕೂಡಲೇ ‘ಫಾರ್ಮ್ಯಾಟ್ ಮಾಡಲಾ?’ ಅಂತ ಕೇಳುತ್ತವೆ. ಓಕೆ ಒತ್ತಬೇಡಿ. ಒತ್ತಿದರೆ ಒಳಗಿದ್ದದ್ದೆಲ್ಲ ಹೋಯ್ತು. ಟಿವಿಗೆ ಹಾಕುವ ಪೆನ್‌ಡ್ರೈವ್ ಬೇರೆ ಇರಲಿ, ಮೂಲ ವಿಡಿಯೋದ ಇನ್ನೆರಡು ಕಾಪಿ ಬೇರೆ ಬೇರೆ ಕಡೆ ಇರಲಿ. ಬಾಕ್ಸ್ ಕೆಟ್ಟರೆ ಕಲಬುರಗಿ ಸೂಪರ್ ಮಾರ್ಕೆಟ್‌ನಲ್ಲಿ ಇನ್ನೊಂದು ಸಿಗುತ್ತದೆ. ಅಜ್ಜಿಯ ದನಿ ಯಾವ ಅಂಗಡಿಯಲ್ಲೂ ಸಿಗೋದಿಲ್ಲ.